ಓಟ್ಸ್ ಹುಲ್ಲಿನ ಬಟ್ಟೆ ಮೂಸಲು ವೆಸ್ಟೆರಾಸಿಗೆ

ನವೆಂಬರಿನ ಒಂದು ಶುಕ್ರವಾರ ರಜೆ ಹಾಕಿ, ನಾನಿರುವ ಬಡಾವಣೆ ಕಿಸ್ಟಾದಿಂದ ಹೊರಟೆ. ನೀಲಿ ಮೆಟ್ರೋದಲ್ಲಿ ಸ್ಟಾಕ್‌ಹೋಮಿನ ಕೇಂದ್ರ ನಿಲ್ದಾಣ, ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ವೆಸ್ಟೆರಾಸ್. ಟಿಕೆಟ್ ಮೊದಲೇ ಕೊಂಡರೆ ಅಗ್ಗ. ನಾನೋ ಬಾಯಾರಿದಾಗ ಬಾವಿ ತೋಡುವವಳು, ದುಬಾರಿ ತೆತ್ತೆ. ಎಲ್ಲಿಗೆ, ಯಾಕೆ ಎಂದು ಆಫೀಸಿನಲ್ಲಿ ಹೇಳಿರಲಿಲ್ಲ. ಬಟ್ಟೆಯೊಂದನ್ನು ಮೂಸಿ ನೋಡಲು ಎಂದರೆ ಯಾರು ನಂಬುತ್ತಾರೆ?

ಬಟ್ಟೆ ನನ್ನ ಗೆಳತಿ ವೀಣಾಳದು. ಕುಂದಾಪುರದವಳು, ಬೆಂಗಳೂರಿನ ಪಿ.ಜಿ.ಯಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಓಟ್ಸ್ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವ ಹುಲ್ಲಿನಿಂದ ನೂಲು ತೆಗೆಯುವ ಪುಟ್ಟ ಘಟಕ ವೆಸ್ಟೆರಾಸಿನ ಹೊರಗಿದೆ, ಈಗ ಅಲ್ಲಿ ಅವಳ ಕೆಲಸ. ತುಂಬು ಬಸುರಿ. ತನ್ನ ಕೂಸನ್ನು ಮೊದಲು ಸುತ್ತುವ ಬಟ್ಟೆ ತಾನು ತೆಗೆದ ನೂಲಿನದೇ ಆಗಬೇಕೆಂದು ಹಟ. "ಇಲ್ಲೇ ಇದ್ದೂ ಇದ್ದೂ ನಮ್ಮ ಮೂಗು ಸತ್ತೋಗಿದೆ ಕಣೆ. ನಿಂದು ನಾಯಿಮೂಗು, ಬಟ್ಟೆ ವಾಸನೆ ಬರುತ್ತಾ ನೋಡು ಬಾ" ಎಂದು ಕರೆದಿದ್ದಳು.

ಜಿನುಗುಮಳೆ. ಬಸ್ಸಿಳಿದು ಘಟಕದ ಬಾಗಿಲು ತೆರೆದರೆ ಬೆಂದ ಹುಲ್ಲಿನ ಘಾಟು. ಹುಲ್ಲನ್ನು ಬೇಯಿಸಿ, ತೊಳೆದು, ಕರಗಿಸಿ, ಆ ಪಾಕವನ್ನು ಸಣ್ಣ ತೂತುಗಳ ಬಿಲ್ಲೆಯಿಂದ ಒತ್ತುತ್ತಾರೆ. ತೊಟ್ಟಿಯ ದ್ರಾವಣಕ್ಕೆ ಎಳೆಗಳು ಇಳಿಯುತ್ತವೆ, ಥೇಟ್ ಶಾವಿಗೆ. ಯಾರಿಗೂ ಬೇಡವಾದ ಹುಲ್ಲು ಹಾಗೆ ಹೊಳೆಯುವುದನ್ನು ಕಂಡು ಗೆಳತಿಯ ಮೇಲೆ ಹೆಮ್ಮೆ ಉಕ್ಕಿತು.

ವೀಣಾ ಕೆನೆಬಣ್ಣದ ಬಟ್ಟೆ ತಂದು, ವಾಸನೆ ಇದ್ದರೆ ಏಳಲಿ ಎಂದು ಅದರ ಅಂಚನ್ನು ನೀರಿನಲ್ಲಿ ಅದ್ದಿ, ಹಿಂಡಿ ಕೊಟ್ಟಳು. ಮೂಸಿದೆ. ಸುಳ್ಳು ಹೇಳಿಬಿಡೋಣ ಎನಿಸಿತು. ಆದರೆ ಕೂಸಿನ ವಿಷಯ.

"ಸ್ವಲ್ಪ ನಾರುತ್ತೆ ಕಣೆ."

"ನಾರು ಅಂದ್ಮೇಲೆ ನಾರದೆ ಇರುತ್ತಾ?" ಎಂದು ನಕ್ಕಳು. ಆಮೇಲೆ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಫಿಕಾ, ಅಂದರೆ ಇಲ್ಲಿನವರ ಕಾಫಿ ಬಿಡುವಿನ ಹೊತ್ತಿಗೆ ಕಾಫಿ, ಏಲಕ್ಕಿ ಬನ್ನು. "ಅಮ್ಮ ಬೇರೆ ಬೈತಿದ್ದಾಳೆ," ಎಂದಳು ವೀಣಾ. "ಹಸಿಗೂಸಿಗೆ ಹೊಸ ಬಟ್ಟೆ ಆಗಲ್ವಂತೆ. ತನ್ನ ಹಳೇ ಸೀರೆ ತರ್ತೀನಿ ಅಂದಿದ್ಲು, ವೀಸಾನೇ ಸಿಗ್ಲಿಲ್ಲ. ಪಾರ್ಸೆಲ್ ಮಾಡು ಅಂದ್ರೆ, ನಾನೇ ಕೈಯಾರೆ ಸುತ್ತಬೇಕಿತ್ತು ಅಂತ ಅಳ್ತಾಳೆ."

ಏನು ವಿಷಯವೆಂದು ಘಟಕದ ಮುಖ್ಯಸ್ಥೆ ಲೇನಾ ಕೇಳಿದಳು. ವೀಣಾ ಸ್ವೀಡಿಷ್‌ನಲ್ಲಿ ವಿವರಿಸಿದಳು. ಲೇನಾ ಬನ್ನು ಮುಗಿಸಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದಳು: "ಯಾರಾದರೂ ಹೊದ್ದು ಒಗೆದರೆ ಬಟ್ಟೆ ಹಳೆಯದಾಗುತ್ತೆ ತಾನೆ? ಒಗೆದಷ್ಟೂ ಇದರ ವಾಸನೆ ಹೋಗುತ್ತೆ, ಮೆತ್ತಗೂ ಆಗುತ್ತೆ."

ವೀಣಾ ನನ್ನತ್ತ ತಿರುಗಿದಳು. "ನೀನೇ ಹೊದ್ಕೊಳ್ಳೇ. ಹಳೇದು ಮಾಡಿ ತಂದ್ಕೊಡು."

"ಮೂಸೋಕೆ ಅಂತ ಕರೆದು ಮೈಗೇ ಅಂಟಿಸ್ತಿದ್ದೀಯಲ್ಲೇ!" ಎಂದೆ. ಅಂಥ ಕೆಲಸವನ್ನು ಅವಳು ಇನ್ನಾರಿಗೂ ಕೊಡುತ್ತಿರಲಿಲ್ಲ.

ಮೂರೂವರೆಗೇ ಕತ್ತಲಾಗಿತ್ತು. ರೈಲು ಹತ್ತಿ, ಬಟ್ಟೆಯನ್ನು ಹೆಗಲಿಗೆ ಸುತ್ತಿ, ಕುಂದಾಪುರಕ್ಕೆ ಫೋನ್ ಮಾಡಿದೆ. "ಅಮ್ಮ, ಮಗೂಗೆ ಹೊಸ ಬಟ್ಟೆ ಅಲ್ಲ. ಹೆರಿಗೆ ಹೊತ್ತಿಗೆ ನಾನು ಹೊದ್ದು ಹಳೇದು ಮಾಡಿರ್ತೀನಿ."

ವೀಣಾಳ ತಾಯಿ ಹೇಳಿದರು: "ಅಡ್ಡಿಲ್ಲ ಮಗಾ. ದಿನಾ ಹೊದ್ಕೊ. ಒಗ್ದ್ ಬಿಸ್ಲಿಗ್ ಹಾಕ್. ನನ್ ಸೀರಿ ಮೆತ್ತಗಾದ್ದೂ ಹಾಂಗೇ."

ನವೆಂಬರಿನ ಸ್ವೀಡನ್ನಿನಲ್ಲಿ ಬಿಸಿಲು! ಹೂಂ ಅಮ್ಮ ಎಂದೆ.

ಸ್ಟಾಕ್‌ಹೋಮ್ ಹತ್ತಿರವಾದಾಗ ರೈಲು ಜೋಲಿ ಹೊಡೆದು ಕೈಲಿದ್ದ ಕಾಫಿ ಬಟ್ಟೆಯ ಮೇಲೆ ಚೆಲ್ಲಿತು. ಬೇರೆ ದಿನವಾಗಿದ್ದರೆ ಅತ್ತೇಬಿಡುತ್ತಿದ್ದೆ. ಅಂದು ಕಲೆಯ ಫೋಟೋ ತೆಗೆದು ವೀಣಾಳಿಗೆ ಕಳಿಸಿದೆ: "ಹಳೇದಾಗೋಕೆ ಶುರುವಾಯ್ತು ಕಣೆ."