ಸ್ಕೇಟು ಮಸೆಯುವ ಮೈರನ್ ಸುಮ್ಮನಾದ ಹೊತ್ತು

ಮೈರನ್ ಕೊಸ್ಟ್ಯುಕ್‌ಗೆ ಆಟಗಾರರ ಮುಖಕ್ಕಿಂತ ಪಾದಗಳು ಚೆನ್ನಾಗಿ ನೆನಪಿರುತ್ತವೆ. ಕೆನಡಾದ ಸಸ್ಕಟೂನ್ ಐಸ್ ಹಾಕಿ ತಂಡದ ಸ್ಕೇಟುಗಳನ್ನು ಮಸೆಯಲು ಕೂತು ಅವನಿಗೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಹನ್ನೊಂದು ತರಬೇತುದಾರರು, ಐವರು ಮ್ಯಾನೇಜರುಗಳು ಬಂದು ಹೋದರು. ಸಾಣೆ ಚಕ್ರದ ಮುಂದಿನ ಸ್ಟೂಲು ಮಾತ್ರ ಅವನದೇ ಆಗಿ ಉಳಿಯಿತು. ವಕಾವ್ ಊರಿನಲ್ಲಿ ಅಪ್ಪ ಉಳುಮೆ ಯಂತ್ರದ ತಟ್ಟೆಗಳನ್ನು ಮಸೆಯುತ್ತಿದ್ದ. ಮಗ ಅದೇ ಶೆಡ್ಡಿನಲ್ಲಿ ಕೈ ಪಳಗಿಸಿಕೊಂಡ. ಅವನ ಎಡಗೈ ತೋರುಬೆರಳ ತುದಿಗೆ ಈಗ ಬಿಸಿ, ತಂಪು ಎರಡೂ ತಿಳಿಯುವುದಿಲ್ಲ. ಅಲಗು ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುತ್ತಾನೆ. ಉಗುರಿನಿಂದ ಎಳೆಯಷ್ಟು ಪುಡಿ ಎದ್ದರೆ ಸರಿ.

ಸ್ಕೇಟಿನ ಅಲಗು ಚಾಕುವಿನ ಹಾಗೆ ಚೂಪಾಗಿರುವುದಿಲ್ಲ. ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ. ಮಂಜುಗಡ್ಡೆಯನ್ನು ಕಚ್ಚುವುದು ಅದರ ಎರಡು ಅಂಚುಗಳು. ತೋಡಿನ ಕಮಾನಿನ ತ್ರಿಜ್ಯವೇ ಅದರ ಅಳತೆ, ಅದು ಚಿಕ್ಕದಾದಷ್ಟೂ ತೋಡು ಆಳ. ಅರ್ಧ ಇಂಚಿಗೆ ಮಸೆದರೆ ಹಿಡಿತ ಗಟ್ಟಿ. ಓಡುತ್ತಿದ್ದವನು ಇದ್ದಲ್ಲೇ ನಿಲ್ಲಬಹುದು, ನಿಂತಲ್ಲೇ ತಿರುಗಬಹುದು. ಆದರೆ ಪ್ರತಿ ಸಲವೂ ಅದರ ಪೆಟ್ಟು ಸೊಂಟಕ್ಕೆ ಬೀಳುತ್ತದೆ. ಮುಕ್ಕಾಲು ಇಂಚಿಗೆ ಮಸೆದರೆ ತೋಡಿನ ಆಳ ಕಡಿಮೆಯಾಗಿ ಕಾಲು ಸಲೀಸಾಗಿ ಜಾರುತ್ತದೆ, ಕೀಲಿಗೆ ಆರಾಮ. ಚಿಕ್ಕಂದಿನಿಂದ ಮುಕ್ಕಾಲಿನಲ್ಲೇ ಆಡುವವರೂ ಇದ್ದಾರೆ, ಅದೇನೂ ದೊಡ್ಡ ವಿಷಯವಲ್ಲ. ಆದರೆ ಹನ್ನೆರಡು ವರ್ಷ ಅರ್ಧದಲ್ಲಿ ಆಡಿದವನು ಮೂವತ್ತನಾಲ್ಕನೇ ವಯಸ್ಸಿಗೆ ಮುಕ್ಕಾಲು ಕೇಳಿದರೆ, ಮಸೆಯುವವನಿಗೆ ಬೇರೆ ಏನನ್ನೂ ಬಿಡಿಸಿ ಹೇಳಬೇಕಿಲ್ಲ.

ತಂಡದ ಹಳೆಯ ಆಟಗಾರ ಟೈಸನ್ ವೀಬ್ ನವೆಂಬರಿನಲ್ಲಿ ಅದನ್ನೇ ಕೇಳಿದ. ಕೊಸ್ಟ್ಯುಕ್ ಎಲ್ಲರ ಬಾಯಲ್ಲೂ ಕೋಸ್ಟಿ. ಎಲ್ಲರೂ ಊಟಕ್ಕೆ ಹೋಗಿದ್ದರು.

"ಕೋಸ್ಟಿ, ಮುಕ್ಕಾಲಿಗೆ ಮಾಡ್ಕೊಡು."

"ಯಾರದ್ದು?"

"ನಮ್ಮಜ್ಜೀದು. ನಂದೇ ಕಣೋ!"

"ನಿಮ್ಮಜ್ಜಿ ಅರ್ಧದಲ್ಲೇ ಆಡ್ತಿದ್ರಲ್ಲೋ."

"ಬಾಯಿ ಮುಚ್ಕೊಂಡು ಮಸೆ. ಯಾರ ಕಿವಿಗೂ ಬೀಳಬಾರದು. ಜೊಲೀನ್‌ಗೂ ಸಹ."

ಮೈರನ್ ಮಾತು ಕೊಟ್ಟ. ಜೊಲೀನ್ ಅವನ ಸಹಾಯಕಿ, ಒಂಬತ್ತು ವರ್ಷದಿಂದ ಎರಡನೇ ಚಕ್ರ ಅವಳದು. ಅಂದಿನಿಂದ ಟೈಸನ್‌ನ ಸ್ಕೇಟುಗಳನ್ನು ಮೈರನ್ ಅವಳ ಕೈಗೆ ಕೊಡಲಿಲ್ಲ. ವೈದ್ಯರ ಕಡತದಲ್ಲಿ ಟೈಸನ್‌ನ ಸೊಂಟ ಚೆನ್ನಾಗಿಯೇ ಇತ್ತು. ಸವೆತವನ್ನು ಅವರು ಕಾಯಿಲೆ ಎಂದು ಬರೆಯುವುದಿಲ್ಲ.

ಮೂರು ವರ್ಷದ ಹಿಂದೆ, ನಲವತ್ತೊಂದು ಗೋಲು ಹೊಡೆದ ಋತು ಮುಗಿದ ಬೇಸಿಗೆಯಲ್ಲಿ, ತಂಡ ಅವನೊಂದಿಗೆ ಏಳು ವರ್ಷದ ಒಪ್ಪಂದಕ್ಕೆ ಸಹಿ ಹಾಕಿತ್ತು: ವರ್ಷಕ್ಕೆ ಎಪ್ಪತ್ತು ಲಕ್ಷ ಡಾಲರ್. ಊರಿನವರು ಅಂದು ಕಾರಿನ ಹಾರ್ನ್ ಒತ್ತಿಕೊಂಡು ಬೀದಿ ಸುತ್ತಿದ್ದರು. ಅದೇ ಜನ ಈಗ ರೇಡಿಯೊಗೆ ಫೋನ್ ಮಾಡಿ, ಈ ಕಲ್ಲನ್ನು ಯಾರು ನಮ್ಮ ಕೊರಳಿಗೆ ಕಟ್ಟಿದರು ಎಂದು ಕೇಳುತ್ತಿದ್ದರು. ಲೀಗಿನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೂ ಮಿತಿಯಿದೆ. ಒಬ್ಬನಿಗೆ ಅಷ್ಟು ಹೋದರೆ ಉಳಿದವರಿಗೆ ಅಷ್ಟು ಕಡಿಮೆ. ಮೈರನ್‌ಗೆ ಈ ಕೋಪ ಅರ್ಥವಾಗುತ್ತಿತ್ತು. ಅರ್ಥವಾಗದೆ ಇದ್ದದ್ದು ಆ ಹಾರ್ನುಗಳು. ಟೈಸನ್‌ನ ಮೂವತ್ತೊಂದು ವಯಸ್ಸಿಗೆ ಏಳು ಕೂಡಿಸಿದರೆ ಎಷ್ಟಾಗುತ್ತದೆ ಎಂಬುದು ಅಂದೂ ಎಲ್ಲರಿಗೂ ಗೊತ್ತಿತ್ತು.

ತನ್ನನ್ನು ಬೇರೆ ತಂಡಕ್ಕೆ ಕಳಿಸುವುದನ್ನು ತಡೆಯುವ ಹಕ್ಕು ಟೈಸನ್‌ಗೆ ಒಪ್ಪಂದದಲ್ಲೇ ಇತ್ತು. ಮಾರ್ಚ್ ಮೊದಲ ಭಾನುವಾರ ಅವನು ಆ ಹಕ್ಕು ಬಿಟ್ಟುಕೊಟ್ಟ. ಹ್ಯಾಲಿಫ್ಯಾಕ್ಸ್ ತಂಡ ಕೇಳಿತ್ತು. ಈ ವರ್ಷ ಕಪ್ ಗೆಲ್ಲಬಹುದಾದ ತಂಡ. ಟೈಸನ್ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆ ಕಪ್ಪಿನ ಹತ್ತಿರ ಸುಳಿದವನಲ್ಲ.

"ಹೋಗ್ತೀನಿ ಕೋಸ್ಟಿ," ಎಂದು ಮೈರನ್‌ನ ಡಬ್ಬಿಯಿಂದ ಸೂರ್ಯಕಾಂತಿ ಬೀಜ ಬಾಚಿಕೊಂಡ. "ಇಲ್ಲಿ ನಾನು ಬರೀ ಸಂಬಳ. ಅಲ್ಲಾದ್ರೆ ಇನ್ನೊಂದು ಸಲ ಆಟಗಾರ ಆಗ್ತೀನಿ. ಇದು ತಪ್ಪಿದ್ರೆ ಮುಗೀತು."

ಆಟಗಾರರ ವಿನಿಮಯಕ್ಕೆ ಕೊನೆಯ ಗಡುವು ಶುಕ್ರವಾರ ಮಧ್ಯಾಹ್ನ ಎರಡು ಗಂಟೆ. ಹನ್ನೆರಡೂವರೆಗೆ ಮೈರನ್‌ಗೆ ಫೋನ್ ಬಂತು. ಹ್ಯಾಲಿಫ್ಯಾಕ್ಸಿನಲ್ಲಿ ಅವನದೇ ಕೆಲಸ ಮಾಡುವ ಲಿಯೋ ಆರ್ಸನೋ.

"ಏನಯ್ಯಾ ಕೋಸ್ಟಿ, ಬದುಕಿದ್ದೀಯಾ?"

"ಈ ಚಳಿಗೆ ಸತ್ತೋರೂ ಕೆಡಲ್ಲ ಕಣೋ. ಇದ್ದೀನಿ."

ಲೀಗಿನಲ್ಲಿ ಸ್ಕೇಟು ಮಸೆಯುವವರದು ಒಂದು ಪುಟ್ಟ ಕುಲ. ಆಟಗಾರ ತಂಡ ಬದಲಿಸಿದಾಗ ಹಳೆಯ ತಂಡದವನು ಅವನ ಚೀಲ ಕಟ್ಟಿ, ಹೊಸ ತಂಡದವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳುತ್ತಾನೆ. ತೋಡು ಎಷ್ಟು, ಯಾವ ಪಾದ ಉಬ್ಬುತ್ತದೆ, ಸೋತ ದಿನ ಯಾರನ್ನು ಮಾತಾಡಿಸಬಾರದು. ಇದರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು: ಚೀಲ ಹೊರಟ ಮೇಲೆ ಮಾತು, ಅದಕ್ಕೆ ಮೊದಲು ಇಲ್ಲ.

"ನಮ್ಮ ಮೇಲಿನೋರು ನಿಮ್ಮ ವೀಬ್‌ನ ಕೇಳ್ತಿದ್ದಾರಂತೆ," ಎಂದ ಲಿಯೋ. "ನಾನೇನೂ ಕೇಳಲ್ಲಪ್ಪ. ಸಾಣೆಕಲ್ಲು ಜೋಡಿಸಿ ಇಟ್ಕೊಳ್ಳೋಣ ಅಂತ ಅಷ್ಟೆ. ಈಗ್ಲೂ ಅರ್ಧಾನೇ ತಾನೆ?"

ಮೈರನ್‌ನ ನಾಲಿಗೆಯ ಕೆಳಗೆ ಒಂದು ಬೀಜವಿತ್ತು. ಅರ್ಧ ಎಂದರೆ ಸುಳ್ಳು. ಮುಕ್ಕಾಲು ಎಂದರೆ ನವೆಂಬರಿನ ಮಾತು ಮುರಿದಂತೆ. ಕೇಳಬಾರದ್ದನ್ನು ಕೇಳಬೇಡ ಎಂದು ಗದರಬಹುದಿತ್ತು. ಅದು ಹೊಳೆದದ್ದು ಆಮೇಲೆ. ಆ ಹೊತ್ತಿಗೆ ಹೊಳೆದದ್ದು ಸುಮ್ಮನಿರುವುದೊಂದೇ.

"ಕೋಸ್ಟಿ?"

"ಇಲ್ಲಿ ಮೆಷಿನ್ ಸದ್ದು, ಲಿಯೋ."

ಮೆಷಿನ್ ನಿಂತಿತ್ತು. ಲಿಯೋಗೆ ಅದೂ ಕೇಳಿಸಿರಬೇಕು.

"ಸರಿ ಬಿಡು," ಎಂದ ಲಿಯೋ, ಮೆಲ್ಲಗೆ. "ಮನೇಲಿ ಕ್ಯಾಥೀನ ಕೇಳ್ದೆ ಅಂತ ಹೇಳು."

ಬದಲಾವಣೆ ಇಲ್ಲದಿದ್ದರೆ ಯಾರಾದರೂ ಯೋಚಿಸದೆ ಹೂಂ ಅನ್ನುವ ಪ್ರಶ್ನೆ ಅದು. ಸುಮ್ಮನಿದ್ದದ್ದೇ ಉತ್ತರವಾಯಿತೆಂದು ಮೈರನ್‌ಗೆ ಫೋನ್ ಕೆಳಗಿಟ್ಟಾಗ ಗೊತ್ತಾಯಿತು.

ಎರಡು ಗಂಟೆ ದಾಟಿತು. ಎರಡೂಕಾಲಿಗೆ ಟೈಸನ್ ಬಂದು ಬಾಗಿಲಿಗೆ ಒರಗಿ ನಿಂತ.

"ಬೆಳಗ್ಗೆ ತನಕ ಆಯ್ತು ಅಂತಿದ್ರಂತೆ. ಒಂದು ಗಂಟೆಗೆ ಇದ್ದಕ್ಕಿದ್ದ ಹಾಗೆ ಬೇಡ ಅಂದ್ರಂತೆ. ಏನಾಯ್ತು ಅಂತಾನೇ ಗೊತ್ತಿಲ್ಲ ನಮ್ಮ ಮ್ಯಾನೇಜರಿಗೆ."

ಈಗಲೂ ಸುಮ್ಮನಿರಬಹುದಿತ್ತು. ಯಾರೂ ಪತ್ತೆ ಹಚ್ಚುತ್ತಿರಲಿಲ್ಲ. ಮೈರನ್ ಸ್ಟೂಲು ಎಳೆದು ಕೊಟ್ಟ. ಟೈಸನ್ ಕೂರಲಿಲ್ಲ. ಮೈರನ್ ಎಲ್ಲವನ್ನೂ ಹೇಳಿದ.

"ಅರ್ಧ ಅನ್ನೋಕೆ ಎಷ್ಟೊತ್ತು ಬೇಕಿತ್ತು ನಿಂಗೆ?"

"ಸುಳ್ಳಾಗ್ತಿತ್ತು."

"ಮುಕ್ಕಾಲು ಅಂತಾದ್ರೂ ಅನ್ನಬೇಕಿತ್ತು."

"ನಿಂಗೆ ಮಾತು ಕೊಟ್ಟಿದ್ನಲ್ಲೋ."

"ಭೇಷ್," ಎಂದ ಟೈಸನ್. "ನಿನ್ನ ಸತ್ಯಾನೂ ಉಳೀತು, ನಿನ್ನ ಮಾತೂ ಉಳೀತು. ನಾನೂ ಇಲ್ಲೇ ಉಳಿದೆ."

ಆ ಸಂಜೆ ಮನೆಯಲ್ಲಿ ಮೈರನ್ ಹೆಂಡತಿ ಕ್ಯಾಥಿಗೆ ಲಿಯೋ ಕೇಳಿದನೆಂದು ಹೇಳಲಿಲ್ಲ. ಅವಳು ಬಡಿಸಿದ ಆಲೂಗಡ್ಡೆ ಕಡುಬುಗಳಲ್ಲಿ ನಾಲ್ಕನ್ನು ತಟ್ಟೆಯಲ್ಲೇ ಬಿಟ್ಟ. ಲಿಯೋ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ತಾನು ಅಲ್ಲಿದ್ದಿದ್ದರೆ ತಾನೂ ಕೇಳುತ್ತಿದ್ದನೇನೋ. ನಾಲ್ಕು ವರ್ಷ ಬಾಕಿಯಿರುವ ಸಂಬಳವನ್ನು ಹೊರುವವರು ಸೊಂಟ ಎಂಥದ್ದೆಂದು ತಿಳಿಯಬಯಸುವುದು ತಪ್ಪೇ? ತಪ್ಪಲ್ಲ. ಇನ್ನೊಂದು ಸಲ ಆಟಗಾರನಾಗಲು ಆಸೆಪಡುವುದು? ಅದೂ ಅಲ್ಲ.

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ ಟೈಸನ್ ತನ್ನ ಸ್ಕೇಟುಗಳನ್ನು ಜೊಲೀನಳ ಮುಂದೆ ಇಟ್ಟು, ಮೈರನ್ ಕಡೆ ನೋಡದೆ ತನ್ನ ಜಾಗಕ್ಕೆ ಹೋಗಿ ಕೂತ. ಬಾಗಿಲು ತೆರೆದಿತ್ತು, ಆಚೆ ಇಡೀ ತಂಡ ಬೂಟು ಕಟ್ಟುತ್ತಿತ್ತು. ಜೊಲೀನ್ ಕಕ್ಕಾಬಿಕ್ಕಿಯಾದಳು.

"ಮೈರನ್, ಇವರದು ನಾನು ಮುಟ್ಟೇ ಇಲ್ವಲ್ಲ. ಎಷ್ಟಕ್ಕೆ ಹಿಡೀಲಿ?"

ಮೈರನ್ ಅವಳ ಕಿವಿಯ ಹತ್ತಿರ ಬಾಗಿದ. ಅಷ್ಟರಲ್ಲಿ ಆಚೆಯಿಂದ ದನಿ ಬಂತು.

"ಮುಕ್ಕಾಲು, ಜೊಲೀನ್! ಮುಕ್ಕಾಲು! ಎಲ್ರೂ ಬರ್ಕೊಳ್ರೋ, ಹ್ಯಾಲಿಫ್ಯಾಕ್ಸಿಗೂ ಬರೀರಿ!"

ಎಲ್ಲರೂ ಟೈಸನ್ ಕಡೆ ತಿರುಗಿದರು. ಮುಂಚೂಣಿಯ ಆಟಗಾರನೊಬ್ಬ ಅಂದ: "ತಾತಂಗೆ ಜೊತೇಲಿ ಒಂದು ಊರುಗೋಲೂ ಕೊಡಿ."

"ನಿನ್ನ ಬಾಯಲ್ಲಿ ಉಳಿದಿರೋ ಹಲ್ಲಿಗಿಂತ ಜಾಸ್ತಿ ಗೋಲು ಹೊಡೆದಿದೀನಿ ಈ ವರ್ಷಾನೂ."

ನಗು ಎದ್ದಿತು. ನಗುವಿನ ನಡುವೆ ರಕ್ಷಣೆಯ ಆಟಗಾರ ಮ್ಯಾಟ್ಸ್ ಎಡ್‌ಲುಂಡ್, ಸ್ವೀಡನ್ನಿನವನು, ಮೂವತ್ತಮೂರು ವಯಸ್ಸು, ಒಪ್ಪಂದದಲ್ಲಿ ಇನ್ನೂ ಐದು ವರ್ಷ ಬಾಕಿ, ಬಂದು ತನ್ನ ಸ್ಕೇಟುಗಳನ್ನು ಮೈರನ್ ಮುಂದೆ ಇಟ್ಟ.

"ನಂದೂ ಮುಕ್ಕಾಲಿಗೇ ಮಾಡಿಬಿಡು."

ಮೈರನ್ ಕಲ್ಲು ಬದಲಿಸಿದ. ಪಕ್ಕದಲ್ಲಿ ಜೊಲೀನಳ ಚಕ್ರ ಹಾಡತೊಡಗಿತು. ಹಿಮ್ಮಡಿಯ ಹತ್ತಿರ ಅವಳ ಕೈ ಭಾರವಾಗುತ್ತಿರುವುದು ಅವನಿಗೆ ಸದ್ದಿನಲ್ಲೇ ತಿಳಿಯಿತು. ಟೈಸನ್‌ನ ಅಲಗು ಅಲ್ಲಿ ಸವೆದರೆ ಅವನ ಭಾರ ಹಿಂದಕ್ಕೆ ವಾಲುತ್ತದೆ. ಮೈರನ್ ತಲೆ ಎತ್ತಿದ. ಟೈಸನ್ ಬರಿಗಾಲಲ್ಲಿ ಬಾಗಿಲ ಬಳಿ ಬಂದು ನಿಂತಿದ್ದ. ಅವನೂ ಆ ಸದ್ದನ್ನೇ ಕೇಳುತ್ತಿದ್ದ.

"ಹೇಳು ಅವಳಿಗೆ," ಎಂದ. "ಇವತ್ತಾದ್ರೂ ಬಾಯಿ ಬಿಡು, ಮುದುಕ."

"ಜೊಲೀನ್," ಎಂದ ಮೈರನ್, "ಹಿಮ್ಮಡೀಲಿ ಕೈ ಹಗುರ ಮಾಡು."