ಪ್ರೋಟೀನಿನ ಲೆಕ್ಕದಿಂದ ದಾನಮ್ಮ ಹೆಸರು ತೆಗೆಸಿದ್ದು

ಕುಷ್ಟಗಿಯ ದಾನಮ್ಮ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ ನಾಯಂಡಹಳ್ಳಿಯ ಸಣ್ಣ ಕಂಪನಿಯೊಂದನ್ನು ಸೇರಿದಾಗ ಅವಳಿಗೆ ಮೂವತ್ತೊಂದು. ಗೋಡೌನುಗಳ ಸಾಲಿನಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿ. ಕೆಲಸ ಮಾತ್ರ ಅವಳು ಆಸೆಪಟ್ಟದ್ದೇ: ದೇಹದೊಳಗಿನ ದೊಡ್ಡ ಪ್ರೋಟೀನಿಗೆ ಒಂದು ಔಷಧಿ ಎಷ್ಟು ಬಿಗಿಯಾಗಿ ಅಂಟುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು.

ಪ್ರೋಟೀನಿನಲ್ಲಿ ಸಾವಿರಾರು ಪರಮಾಣುಗಳು. ಪರಮಾಣುಗಳ ನಿಯಮದಲ್ಲೇ ಲೆಕ್ಕ ಹಾಕುವ ಹೊಸ ಬಗೆಯ ಕಂಪ್ಯೂಟರಾದ ಕ್ವಾಂಟಮ್ ಯಂತ್ರಕ್ಕೆ ಅಷ್ಟನ್ನೂ ಅರಗಿಸಿಕೊಳ್ಳುವ ಶಕ್ತಿ ಇನ್ನೂ ಇಲ್ಲ. ಹಾಗಾಗಿ ಔಷಧಿ ಅಂಟುವ ಜಾಗದ ಹನ್ನೆರಡು ಪರಮಾಣುಗಳನ್ನಷ್ಟೇ ಬಿಡಿಸಿ, ಬಾಡಿಗೆಗೆ ಪಡೆದ ಕ್ವಾಂಟಮ್ ಯಂತ್ರಕ್ಕೆ ಕಳಿಸುತ್ತಿದ್ದಳು. ಎಲೆಕ್ಟ್ರಾನುಗಳ ಆಟ ಸೂಕ್ಷ್ಮವಾಗಿರುವುದು ಅಲ್ಲೇ. ಉಳಿದದ್ದೆಲ್ಲ ಮಾಮೂಲಿ ಕಂಪ್ಯೂಟರಿನ ಪಾಲು. ಎರಡರ ಉತ್ತರವನ್ನೂ ಬಿರುಕಿಲ್ಲದಂತೆ ಬೆಸೆಯುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು.

ಈ ಲೆಕ್ಕದ ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸುವ ಹಿಂದಿನ ದಿನ ಅದರ ಗ್ರಾಫನ್ನು ಅವಳು ಎರಡು ಸಲ ನೋಡಿದಳು. ಆ ಹನ್ನೆರಡು ಪರಮಾಣುಗಳಿಗೆ ಹೋಲಿಕೆಗೆಂದು ಮಾಮೂಲಿ ಕಂಪ್ಯೂಟರ್ ಕೊಟ್ಟಿದ್ದ ಅಂಕಿಗೇ 'ಕ್ವಾಂಟಮ್' ಎಂದು ಹೆಸರಿಟ್ಟಿದ್ದರು.

ಗ್ರಾಫಿನ ಕಾಗದ ಹಿಡಿದು ಮಾಲೀಕ ಸೇತುರಾಮನ ಕೋಣೆಗೆ ಹೋದಳು. ಅವನು ಬೋಂಡ ತಿನ್ನುತ್ತಿದ್ದ.

"ಸಾರ್, ಯಂತ್ರದ ಉತ್ತರ ತಪ್ಪಾಗಿ ಬಂದಿತ್ತು. ಇಲ್ಲಿ ಸರಿಯಾಗಿದೆಯಲ್ಲ, ಹೇಗೆ?"

"ಮಿಷಿನ್‌ದು ಗದ್ದಲ ಜಾಸ್ತಿ ಕಣಮ್ಮ, ಅದಕ್ಕೇ ಲೆಕ್ಕ ತಪ್ಪುತ್ತೆ. ಎರಡು ವರ್ಷದಲ್ಲಿ ಹೆಂಗೂ ಸರಿಹೋಗುತ್ತೆ. ಈಗ್ಲೇ ಹಾಕ್ಕೊಂಡ್ರೆ ಏನೀಗ?"

"ಇದನ್ನ ಓದಿ, ಯಂತ್ರಾನ ನಂಬಿ ಔಷಧಿ ಮಾಡ್ತಾರೆ ಸಾರ್. ಯಾರೋ ನುಂಗ್ತಾರೆ."

"ಅದಕ್ಕಿನ್ನೂ ಹತ್ತು ವರ್ಷ ಇದೆ, ಬಿಡಮ್ಮ," ಎಂದು ನಕ್ಕು, ಅವಳ ಕಾಗದಕ್ಕೇ ಬೆರಳ ಎಣ್ಣೆ ಒರೆಸಿದ.

ತಪ್ಪು ಉತ್ತರದ ಜೊತೆ ದಾನಮ್ಮ ಎರಡು ವರ್ಷ ಸಂಸಾರ ಮಾಡಿದ್ದಳು. ಎಲ್ಲಿ ತಪ್ಪಿತೆಂದು ಹುಡುಕುವುದೇ ಅವಳ ಕಸುಬು. ಈ ನಗುವನ್ನು ಮಾತ್ರ ಸಹಿಸಲಾಗಲಿಲ್ಲ. ಬಾಯಿಗೆ ಊರಿನ ಮಾತು ಬಂತು.

"ನನ್ನ ಹೆಸರು ತಗೀರಿ ಸರ. ಈ ಹೊಲಸು ನಾ ಒಲ್ಲೆ."

ತೆಗೆದರು. ಆ ಜಾಗಕ್ಕೆ ಪಕ್ಕದ ಮೇಜಿನ ಭೈರೇಶನ ಹೆಸರು ಬಂತು. ಅವನಿಗೆ ಎಲ್ಲವೂ ಗೊತ್ತಿತ್ತು. ರಾಜೀನಾಮೆ ಕೊಟ್ಟು ಅವಳು ಹೊರಟಾಗ, "ನಂಗೂ ಸಂಸಾರ ಇದೆ ಅಕ್ಕ," ಎಂದು ಕೈ ಚಾಚಿದ. ಆ ಕೈಯನ್ನು ಅವಳು ಮುಟ್ಟಲಿಲ್ಲ.

ಈಗ ದಾನಮ್ಮ ಕೆಂಗೇರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಬೇರೊಂದು ಪ್ರೋಟೀನಿನ ಮೇಲೆ ಹೊಸದಾಗಿ ಲೆಕ್ಕ ನಡೆಸಿ, ಕ್ವಾಂಟಮ್ ಭಾಗ ಎಷ್ಟು ತಪ್ಪಿತೆಂದು ಮೊದಲ ಪುಟದಲ್ಲೇ ಬರೆದು ಪ್ರಕಟಿಸಿದಳು. ಓದಿದವರು ಬೆರಳೆಣಿಕೆಯಷ್ಟು. ಆ ಸುಳ್ಳು ಗ್ರಾಫಿನ ಲೇಖನಕ್ಕೆ ಸೇತುರಾಮನಿಗೆ ಪ್ರಶಸ್ತಿ ಬಂತು.

ಒಂದು ದಿನ ಊಟದ ಹೊತ್ತಿಗೆ ಕಾಲೇಜಿನ ಸಹೋದ್ಯೋಗಿ ಸೌಮ್ಯಶ್ರೀ ಮೊಬೈಲಿನಲ್ಲಿ ಅವನು ಪ್ರಶಸ್ತಿ ಪಡೆಯುತ್ತಿರುವ ಫೋಟೊ ತೋರಿಸಿದಳು. "ಇವ್ರ ಹತ್ರ ಕೆಲ್ಸ ಮಾಡಿದ್ರಾ ಮೇಡಂ? ಪುಣ್ಯ ಮಾಡಿದ್ರಿ ಬಿಡಿ!"

ದಾನಮ್ಮ ಅರ್ಧ ಊಟ ಉಳಿದಿದ್ದ ಡಬ್ಬಿ ಮುಚ್ಚಿ, ಕೈ ತೊಳೆಯಲು ಎದ್ದಳು.