ಮೊದಲ ತಟ್ಟೆ ತಿನ್ನುತ್ತಿದ್ದ ಸಿದ್ದರಾಜು

ವ್ಯಾಸರಾಜರು ಸಿದ್ದರಾಜು ಅವರನ್ನು ಮೊದಲ ಸಲ ನೋಡಿದ್ದು ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಅಡುಗೆಮನೆಯಲ್ಲಿ, ಶ್ರಾವಣದ ಒಂದು ಮುಂಜಾನೆ. ಮಠವೊಂದರಲ್ಲಿ ಅಡುಗೆ ಮಾಡಿಕೊಂಡಿದ್ದ ವ್ಯಾಸರಾಜರು, ಅಲ್ಲಿ ನಿತ್ಯದ ಪಂಕ್ತಿ ನಿಂತುಹೋದ ಮೇಲೆ ಕೆಲಸ ಹುಡುಕಿಕೊಂಡು ಬಂದಿದ್ದರು. ಕೈಗುಣ ನೋಡಲೆಂದು ಅವರಿಂದ ಒಂದು ಪಾತ್ರೆ ಸಾಂಬಾರು ಮಾಡಿಸಿದ್ದರು. ಅದನ್ನು ಇಳಿಸುವ ಹೊತ್ತಿಗೆ ಮ್ಯಾನೇಜರ್ ಸಿದ್ದರಾಜು ಒಳಗೆ ಬಂದರು. ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕೈವರೆಗೆ ಮಡಿಚಿದ ತೋಳು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ತಾವೇ ಒಂದು ತಟ್ಟೆ ತೊಳೆದು, ಇಡ್ಲಿ ಇಟ್ಟುಕೊಂಡು, ಮೇಲೆ ಸಾಂಬಾರು ಹುಯ್ದುಕೊಂಡರು. ಬಾಯಿಗೆ ಇಡುವ ಮೊದಲು ಕೇಳಿದರು.

“ಉಪ್ಪು ನೋಡುದ್ರಾ ಆಚಾರ್ರೇ?”

“ಇಲ್ಲ. ನಾನು ನೋಡೋದಿಲ್ಲ.”

“ಯಾಕೆ?”

“ಮಠದಲ್ಲಿ ನೈವೇದ್ಯಕ್ಕೆ ಮುಂಚೆ ಅಡುಗೆಯವನು ಬಾಯಿಗೆ ಹಾಕ್ಕೊಳ್ಳೋ ಹಾಗಿಲ್ಲ. ಕೈ ಅಳತೆ, ಮೂಗು, ಅಷ್ಟೇ.”

“ಇದು ನೈವೇದ್ಯಕ್ಕೆ ಓಗಲ್ವಲ್ಲ. ಈರುಳ್ಳಿ ಸಾಂಬಾರು.”

“ಈರುಳ್ಳಿಯಂತೂ ನಾನು ತಿನ್ನೋದೇ ಇಲ್ಲ.”

ಸಿದ್ದರಾಜು ತಿನ್ನತೊಡಗಿದರು. ವ್ಯಾಸರಾಜರು ಅವರ ಮುಖವನ್ನೇ ನೋಡುತ್ತ ನಿಂತಿದ್ದರು. ಮನೆಯಲ್ಲಿ ಹೆಂಡತಿ ಚಂಪಕ ತುಂಬು ಬಸುರಿ. ಈ ಕೆಲಸ ಸಿಗದಿದ್ದರೆ ಮುಂದೇನು ಎಂದು ಅವರಿಗೆ ತಿಳಿದಿರಲಿಲ್ಲ.

ತಟ್ಟೆ ಖಾಲಿಯಾದ ಮೇಲೆ ಸಿದ್ದರಾಜು ಕೈ ತೊಳೆದುಕೊಂಡರು. “ಚೆನ್ನಾಗದೆ. ಆದ್ರೆ ರುಚಿ ನೋಡ್ದೆ ಇರೋ ಅಡುಗೆಯವರನ್ನ ಮಾಲೀಕ್ರು ಇಟ್ಕಳಕ್ಕಿಲ್ಲ. ಅವರು ಕೇಳುದ್ರೆ ನೋಡ್ತೀನಿ ಅನ್ಬುಡಿ.”

“ಸುಳ್ಳು ಹೇಳೋದಾ?”

“ಸರಿ, ನೀವು ಏಳ್ಬ್ಯಾಡಿ, ನಾನೇ ಏಳ್ತೀನಿ. ದಿನಾ ನೀವು ಮಾಡಿ, ಮೊದ್ಲು ನಾನು ತಿಂತೀನಿ. ಕೆಟ್ಟಿದ್ರೆ ನನ್ ಒಟ್ಟೆನೇ ಕೆಡ್ಲಿ.”

ಅಂದಿನಿಂದ ಆ ಹೋಟೆಲಿನ ಮೊದಲ ತಟ್ಟೆ ಸಿದ್ದರಾಜು ಅವರದಾಯಿತು. ಅವರು ಸರಿ ಎಂದು ತಲೆಯಾಡಿಸದೆ ಒಂದು ಲೋಟ ಸಾಂಬಾರೂ ಹೊರಗೆ ಹೋಗುತ್ತಿರಲಿಲ್ಲ.

ಅವರು ದೇವನೂರಿನವರು. ತಂದೆ ಚಿಕ್ಕಮಾದು ಕೂಲಿ ಮಾಡಿ ಸಾಕಿದ್ದರು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಲ್ಲಿ ಸಿದ್ದರಾಜುವೇ ಮೊದಲಿಗರು. ಇದೇ ಹೋಟೆಲಿಗೆ ಟೇಬಲ್ ಒರೆಸಲು ಸೇರಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, ಮ್ಯಾನೇಜರ್ ಆದವರು. ಅವರು ಗಿರಾಕಿಗೆ ಎದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೊಳೆ ಬಟ್ಟೆಯಲ್ಲಿ ಟೇಬಲ್ ಒರೆಸಿದವರಿಗೆ ಮಾತ್ರ, “ಇದೇ ಬಟ್ಟೇಲಿ ನಿನ್ ಮುಖ ಒರೆಸ್ಕಳ್ಲಾ ಮೊದ್ಲು” ಎನ್ನುತ್ತಿದ್ದರು.

ಮಧ್ಯಾಹ್ನದ ಊಟ ಅವರು ಹೋಟೆಲಿನಲ್ಲಿ ಮಾಡಿದ್ದಿಲ್ಲ. ಗಿರಾಕಿಗಳ ಗಲಾಟೆ ಇಳಿದ ಮೇಲೆ ಸೈಕಲ್ ಹತ್ತಿ ಬಾಡಿಗೆ ಮನೆಗೆ ಹೋಗುತ್ತಿದ್ದರು. ಎಷ್ಟೇ ಹೊತ್ತಾದರೂ ಹೆಂಡತಿ ಮರಿತಾಯಮ್ಮ ಉಣ್ಣದೆ ಕಾಯುತ್ತಿದ್ದರು. ಇಲ್ಲೇ ಉಂಡು ಹೋಗಬಾರದೆ ಎಂದು ವ್ಯಾಸರಾಜರು ಒಮ್ಮೆ ಕೇಳಿದ್ದಕ್ಕೆ, “ಇಲ್ಲಿ ತಿನ್ನೋದು ಡ್ಯೂಟಿ, ಅಲ್ಲಿ ಉಣ್ಣೋದು ಊಟ” ಎಂದಿದ್ದರು. ಹೆಂಡತಿ ಮಕ್ಕಳನ್ನೂ ಒಂದು ದಿನ ಹೋಟೆಲಿಗೆ ತಿನ್ನಲು ಕರೆತಂದವರಲ್ಲ.

ಸಿದ್ದರಾಜು ಅವರ ಮಗಳು ಕವನ ಹುಟ್ಟಿದಾಗ ವ್ಯಾಸರಾಜರು ಆ ಮನೆಗೆ ಹೋಗಿದ್ದರು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಮರಿತಾಯಮ್ಮ ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟರು. ವ್ಯಾಸರಾಜರು ಕೈ ಹಾಕಲು ಒಂದು ಗಳಿಗೆ ತಡೆದದ್ದನ್ನು ನೋಡಿ ಸಿದ್ದರಾಜು, “ತಿನ್ನಿ ಆಚಾರ್ರೇ, ಬಾಳೆಹಣ್ಣಿಗೆ ಈರುಳ್ಳಿ ಆಕಿಲ್ಲ” ಎಂದರು. ವ್ಯಾಸರಾಜರು ನಕ್ಕು ತಿಂದರು.

ಕೋವಿಡ್ ಬಂದ ವರ್ಷ ಸಿದ್ದರಾಜು ಅದೇ ಜ್ವರದಲ್ಲಿ ಮಲಗಿದರು. ಎದ್ದು ಬಂದಾಗ ಅಂಗಿ ದೊಗಲೆಯಾಗಿತ್ತು, ಉಳಿದಂತೆ ಮೊದಲಿನ ಹಾಗೆಯೇ ಕಂಡರು. ಕಾಲೇಜು ಮತ್ತೆ ತೆರೆದ ಮೇಲೆ ಒಂದು ಹೊಸ ಸಂಗತಿ ಶುರುವಾಯಿತು. ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದ ಕವನ ದಿನಾ ರೈಲಿಗೆ ಮುಂಚೆ ಹೋಟೆಲಿಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ಅಪ್ಪನ ಜೊತೆ ಅದೇ ಮೊದಲ ತಟ್ಟೆಯಿಂದ ಎರಡು ತುತ್ತು ತಿಂದು, ಅಪ್ಪನ ಕಿವಿಯಲ್ಲಿ ಏನೋ ಹೇಳಿ ಹೋಗುತ್ತಿದ್ದಳು. ಸಪ್ಲೈಯರುಗಳು ಪರಸ್ಪರ ಮುಖ ನೋಡಿಕೊಂಡರು. ವ್ಯಾಸರಾಜರಿಗೂ ಇದು ಸರಿ ಕಾಣಲಿಲ್ಲ, ಆದರೆ ಕೇಳಲು ಬಾಯಿ ಬರಲಿಲ್ಲ.

ಮರುವರ್ಷ ಕಾರ್ತಿಕದ ಒಂದು ಸೋಮವಾರ ದೇವಸ್ಥಾನಕ್ಕೆ ಬಂದ ಜನ ಹೋಟೆಲಿನ ಮೆಟ್ಟಿಲವರೆಗೂ ನಿಂತಿದ್ದರು. ವ್ಯಾಸರಾಜರು ಸಾಂಬಾರಿಗೆ ಉಪ್ಪು ಹಾಕಿದ್ದು ತಿಳಿಯದೆ, ಅವರ ಕೈಕೆಳಗಿನ ಕೃಷ್ಣ ಇನ್ನೊಮ್ಮೆ ಹಾಕಿದ್ದ. ಸಿದ್ದರಾಜು ಎಂದಿನಂತೆ ತಿಂದು ತಲೆಯಾಡಿಸಿದರು. ಅಂದು ಕವನ ಬಂದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ತಟ್ಟೆಗಳು ಹಾಗೆಹಾಗೇ ವಾಪಸು ಬರತೊಡಗಿದವು. ತಾನೂ ಉಪ್ಪು ಹಾಕಿದ್ದಾಗಿ ಕೃಷ್ಣ ಆಗ ಒಪ್ಪಿಕೊಂಡ. ದರ್ಶನ ಮುಗಿಸಿ ಅಲ್ಲೇ ತಿಂಡಿಗೆ ಕೂತಿದ್ದ ಮಾಲೀಕ ಮಹೇಂದ್ರ ತಮ್ಮ ಬಟ್ಟಲನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದರು.

“ಸಿದ್ದರಾಜು, ಇದನ್ನ ನೀವು ತಿಂದ್ರಾ?”

“ತಿಂದೆ ಸಾ.”

“ತಿಂದೂ ಹೊರಗೆ ಕಳಿಸಿದ್ರಾ?”

ಸಿದ್ದರಾಜು ಅಂಗಿಯ ತೋಳನ್ನು ಸರಿಮಾಡಿಕೊಂಡರು. “ಆ ಜ್ವರ ಬಂದ್ಮೇಲೆ ನಂಗೆ ಉಪ್ಪು ಉಳಿ ಯಾವ್ದೂ ಗೊತ್ತಾಯ್ತಿಲ್ಲ ಸಾ. ಮಗಳು ನೋಡಿ ಏಳ್ತಿದ್ಲು. ಇವತ್ತು ಪರೀಕ್ಷೆ ಅಂತ ಮೊದಲ ರೈಲಿಗೇ ಒಂಟೋದ್ಲು. ಅವಳ ಓದು ಮುಗಿಯೋಗಂಟ ಇಂಗೇ ತಳ್ಳಾನ ಅಂತಿದ್ದೆ. ತಪ್ಪು ನಂದು.”

“ಹಾಗಾದ್ರೆ ನಾನು ಬೇರೆ ಮ್ಯಾನೇಜರ್ ನೋಡ್ಬೇಕಾಗುತ್ತೆ.” ಮಹೇಂದ್ರ ವ್ಯಾಸರಾಜರ ಕಡೆ ತಿರುಗಿದರು. “ಆಚಾರ್ರೇ, ಮಾಡಿದವರು ನೀವು. ನೀವಾದ್ರೂ ನೋಡಿರ್ತೀರಲ್ಲ?”

“ಅವರು ನೋಡುದ್ರು ಸಾ,” ಸಿದ್ದರಾಜು ನಡುವೆಯೇ ಹೇಳಿದರು. “ಆಮೇಲೆ ಕೃಷ್ಣ ಆಕ್ಬುಟ್ಟ.”

ತನ್ನ ಕೆಲಸ ಕೈತಪ್ಪುತ್ತಿರುವ ಗಳಿಗೆಯಲ್ಲೂ ಈ ಮನುಷ್ಯ ಹಳೆಯ ಮಾತನ್ನು ಬಿಟ್ಟುಕೊಡುತ್ತಿಲ್ಲ. ವ್ಯಾಸರಾಜರಿಗೆ ಸುಮ್ಮನಿರಲು ಆಗಲಿಲ್ಲ.

“ನಾನು ನೋಡಿಲ್ಲ. ಸೇರಿದಾಗಿನಿಂದ ಒಂದು ದಿನವೂ ನೋಡಿಲ್ಲ. ನನ್ನ ಪಾಲಿನದನ್ನೂ ಇವರೇ ನೋಡ್ತಿದ್ರು. ಕಳಿಸೋದಾದ್ರೆ ನನ್ನನ್ನೂ ಕಳಿಸಿ.”

ಮಹೇಂದ್ರ ಅಲ್ಲೇ ಇದ್ದ ಅಕ್ಕಿ ಮೂಟೆಯ ಮೇಲೆ ಕೂತರು. “ಒಬ್ಬರು ತಿನ್ನೋದಿಲ್ಲ, ಇನ್ನೊಬ್ಬರಿಗೆ ತಿಂದ್ರೂ ಗೊತ್ತಾಗೋದಿಲ್ಲ. ಇಷ್ಟು ದಿನ ಹೋಟ್ಲು ನಡೆಸಿದ್ದು ಯಾರು, ನಂಜುಂಡೇಶ್ವರನಾ?”

“ನಾನು ನೋಡ್ಲಾ ಸಾ?” ಎಂದ ಕೃಷ್ಣ.

“ಎರಡು ಸಲ ಉಪ್ಪು ಹಾಕಿದವನಾ? ಸುಮ್ನಿರಪ್ಪ.” ಮಹೇಂದ್ರ ಎದ್ದರು. “ಬರೋ ಸೋಮವಾರದೊಳಗೆ ಆಚಾರ್ರೇ ರುಚಿ ನೋಡೋ ಹಾಗಾಗಬೇಕು. ಇಲ್ಲದಿದ್ರೆ ಇಬ್ಬರೂ ಬೇರೆ ಕಡೆ ನೋಡ್ಕೊಳ್ಳಿ.”

ಮಧ್ಯಾಹ್ನ ಅಡುಗೆಮನೆ ತಣ್ಣಗಾದಾಗ ವ್ಯಾಸರಾಜರು, “ನಾಳೆಯಿಂದ ತಿಂತೀನಿ ಬಿಡಿ. ಕವನನ ಓದು ನಿಲ್ಲೋದು ಬೇಡ” ಎಂದರು.

“ಬ್ಯಾಡಿ. ನನ್ ಕೆಲ್ಸಕ್ಕೆ ನಿಮ್ ನೇಮ ಯಾಕೆ ಕೆಡಬೇಕು?” ಸಿದ್ದರಾಜು ಯೋಚಿಸುತ್ತ ಒಲೆಯ ಕಟ್ಟೆಗೆ ಒರಗಿದರು. “ಅಲ್ಲಾ ಆಚಾರ್ರೇ, ಈರುಳ್ಳೀನ ಮೊದ್ಲೇ ಆಕ್ಬೇಕು ಅಂತ ಶಾಸ್ತ್ರ ಏನಾರ ಐತಾ?”

“ಈರುಳ್ಳಿಗೆ ಯಾವ ಶಾಸ್ತ್ರ?”

“ಅಂಗಾರೆ ಬೇಳೆ, ಉಳಿ, ಪುಡಿ, ಉಪ್ಪು ಎಲ್ಲಾ ಬಿದ್ದು ಕುದ್ಮೇಲೆ ಒಂದು ಬಟ್ಲು ತಗುದು ನಿಮ್ ದೇವ್ರಿಗೆ ತೋರ್ಸಿ. ಅದು ಪ್ರಸಾದ ಆಯ್ತದೆ, ತಿಂದು ನೋಡಿ. ಈರುಳ್ಳಿ ಬ್ಯಾರೆ ಉರ್ಕೊಂಡು ಕೊನೇಲಿ ಆಕ್ಬುಡಿ.”

ವ್ಯಾಸರಾಜರು ಅವರನ್ನೇ ನೋಡಿದರು. “ನೀವು ದೇವರನ್ನೇ ನಂಬೋದಿಲ್ಲವಲ್ಲ.”

“ನಾನು ನಂಬ್ದಿದ್ರೆ ಏನಂತೆ? ನೀವು ನಂಬ್ತೀರಲ್ಲ.”

ಹೋಟೆಲಿನ ಒಲೆಯ ಅಡುಗೆ ದೇವರಿಗೆ ಸಲ್ಲುತ್ತದೆಯೇ ಎಂದು ವ್ಯಾಸರಾಜರಿಗೆ ಅಳುಕಿತ್ತು. ಮನೆಗೆ ಹೋಗಿ ಚಂಪಕಳನ್ನು ಕೇಳಿದರು. “ಅಷ್ಟು ಜನ ಉಣ್ಣೋ ಅಡುಗೆ, ದೇವರಿಗೆ ಆಗದೇ ಇರುತ್ತಾ?” ಎಂದಳು ಅವಳು. ಮರುದಿನ ಬೆಳಿಗ್ಗೆ ಒಲೆಯ ಪಕ್ಕದ ಗೂಡಿನಲ್ಲಿ ಪಟದ ಮುಂದೆ ಬಟ್ಟಲಿಟ್ಟು, ತುಳಸಿದಳ ಹಾಕಿ, ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ತಾವು ಹೋಟೆಲಿಗೆ ಮಾಡಿದ ಸಾಂಬಾರನ್ನು ಮೊದಲ ಬಾರಿ ಬಾಯಿಗೆ ಹಾಕಿಕೊಂಡರು.

“ಇಷ್ಟು ವರ್ಷವೂ ಹುಳಿ ಇಷ್ಟು ಮುಂದಿತ್ತಾ?”

“ಇತ್ತು,” ಎಂದರು ಸಿದ್ದರಾಜು.

“ಹೇಳಬಾರದಿತ್ತಾ?”

“ಜನಕ್ಕೆ ಅದೇ ಇಷ್ಟ ಆಗಿತ್ತು. ನಂಗೂವೆ.”

ಈರುಳ್ಳಿ ಕೊನೆಗೆ ಬಿದ್ದಿದ್ದರಿಂದ ರುಚಿ ಬದಲಾಯಿತು. ಹಳೆಯದೇ ಚೆನ್ನಾಗಿತ್ತು ಎಂದು ಕೆಲವರು ಗೊಣಗಿದರು. ಮಹೇಂದ್ರ ಮಾತ್ರ ಮುಂದಿನ ಸೋಮವಾರ ಬಂದು ಬಟ್ಟಲು ಖಾಲಿ ಮಾಡಿ, ಮತ್ತೆ ಆ ಮಾತೆತ್ತಲಿಲ್ಲ. ಸಿದ್ದರಾಜು ಮ್ಯಾನೇಜರಾಗಿಯೇ ಉಳಿದರು. ಕವನ ಓದು ಮುಗಿಸಿ ತಿ. ನರಸೀಪುರದ ಒಂದು ಶಾಲೆಯಲ್ಲಿ ಟೀಚರ್ ಆದಳು. ಆಮೇಲೆಯೇ ಅವರು ಹೋಟೆಲು ಬಿಟ್ಟಿದ್ದು. ಅವರ ನಾಲಿಗೆಗೆ ರುಚಿ ಅರ್ಧಂಬರ್ಧ ಮರಳಿದೆಯಂತೆ. ಖಾರ ತಿಳಿಯುತ್ತದೆ, ಸಿಹಿ ಅಷ್ಟಾಗಿ ಇಲ್ಲ.

ಈಗ ಸಿದ್ದರಾಜು ತಿ. ನರಸೀಪುರದಲ್ಲಿ ಹೆಂಡತಿ, ಮಗಳ ಜೊತೆ ಇದ್ದಾರೆ. ಅಲ್ಲಿನ ಒಂದು ಕಲ್ಯಾಣ ಮಂಟಪದ ಉಸ್ತುವಾರಿ ನೋಡಿಕೊಳ್ಳುತ್ತಾರೆ.